1885ರ ಕಾಲದ ವಿಕ್ಟೋರಿಯನ್ ವಾಕಿಂಗ್ ಡ್ರೆಸ್ ಹೊಲಿಯುವ ಕ್ರಮ

ರಾಣಿ ವಿಕ್ಟೋರಿಯಾಳ ಆಳ್ವಿಕೆ 1837ರಿಂದ 1901ರವರೆಗೆ ನಡೆಯಿತು. ಅಷ್ಟು ದೀರ್ಘ ಕಾಲದಲ್ಲಿ ಇಂಗ್ಲೆಂಡಿನ ಹೆಂಗಸರ ಉಡುಪಿನ ಆಕಾರ ಹಲವು ಬಾರಿ ಬದಲಾಯಿತು. ಆದ್ದರಿಂದ ವಿಕ್ಟೋರಿಯನ್ ಉಡುಪು ಎಂಬಷ್ಟೇ ಕಲ್ಪನೆಯಿಂದ ಕತ್ತರಿ ಹಿಡಿದರೆ ಯಾವ ಕಾಲಕ್ಕೂ ಸೇರದ ಬಟ್ಟೆಯೊಂದು ಸಿದ್ಧವಾಗುತ್ತದೆ. 1850ರ ದಶಕದ ಕೊನೆಯಲ್ಲಿ ಉಕ್ಕಿನ ಬಳೆಗಳ ಕ್ರಿನೊಲಿನ್ ಲಂಗವನ್ನು ಸುತ್ತಲೂ ಸಮನಾಗಿ ಅಗಲಿಸುತ್ತಿತ್ತು. 1870ರ ಸುಮಾರಿಗೆ ಆ ಅಗಲವೆಲ್ಲ ಹಿಂಬದಿಗೆ ಸರಿದು ಬಸಲ್ ಎಂಬ ಉಬ್ಬು ಬಂತು. 1877ರಿಂದ ಕೆಲವು ವರ್ಷ ಆ ಉಬ್ಬೂ ಕರಗಿ ಉಡುಪು ಮೈಗೆ ಅಂಟಿಕೊಂಡಿತು. 1883ರ ಹೊತ್ತಿಗೆ ಬಸಲ್ ಮತ್ತೆ ಬಂದು, ಈ ಸಲ ಸೊಂಟದ ಹಿಂದೆ ಬಹುಮಟ್ಟಿಗೆ ಅಡ್ಡಲಾಗಿ ಚಾಚಿಕೊಂಡು, ದಶಕದ ಕೊನೆಯವರೆಗೂ ಉಳಿಯಿತು. 1890ರ ದಶಕದಲ್ಲಿ ಗಮನವೆಲ್ಲ ಉಬ್ಬಿದ ತೋಳುಗಳ ಕಡೆಗೆ ಹೋಯಿತು.

ಈ ಲೇಖನ 1885ರ ಆಸುಪಾಸಿನ ವಾಕಿಂಗ್ ಡ್ರೆಸ್ ಕುರಿತದ್ದು. ಹಗಲು ಹೊತ್ತಿನಲ್ಲಿ ಮನೆಯಿಂದ ಹೊರಗೆ ನಡೆದಾಡುವುದಕ್ಕೆಂದೇ ಹೊಲಿಯುತ್ತಿದ್ದ ಈ ಉಡುಪಿಗೆ ಎತ್ತರದ ಕಾಲರ್, ಮಣಿಕಟ್ಟಿನವರೆಗಿನ ಬಿಗಿ ತೋಳು, ಮುಂದೆ ಸಾಲುಗುಂಡಿ ಮತ್ತು ನೆಲ ಮುಟ್ಟದ ಲಂಗ ಇರುತ್ತಿದ್ದವು. ಮನೆಯೊಳಗಿನ ಅಥವಾ ಸಂಜೆಯ ಉಡುಪಿನ ಹಾಗೆ ನೆಲದ ಮೇಲೆ ಎಳೆದಾಡುವ ಬಾಲ ಇದಕ್ಕಿಲ್ಲ. ಮೊದಲ ಬಾರಿಗೆ ಚಾರಿತ್ರಿಕ ಉಡುಪು ಹೊಲಿಯುವವರಿಗೆ ನಾನು ಈ ಕಾಲವನ್ನೇ ಸೂಚಿಸಲು ಕಾರಣವಿದೆ. ಇದರ ಕುಪ್ಪಸ ಗಂಡಸರ ಕೋಟಿನ ಶಿಸ್ತಿನಲ್ಲಿ ಹೊಲಿದದ್ದಾದ್ದರಿಂದ ಅಲಂಕಾರಕ್ಕಿಂತ ಕಟಿಂಗಿಗೆ ಬೆಲೆ ಹೆಚ್ಚು. ಐಲ್ ಆಫ್ ವೈಟ್ ದ್ವೀಪದ ಕೌಸ್ ಪಟ್ಟಣದಲ್ಲಿ ಆರಂಭವಾದ ರೆಡ್‌ಫರ್ನ್ ಸಂಸ್ಥೆ ಹೆಂಗಸರಿಗಾಗಿ ಇಂಥ ಉಣ್ಣೆಯ ಉಡುಪುಗಳನ್ನು ಹೊಲಿದು 1880ರ ದಶಕದಲ್ಲಿ ಹೆಸರು ಮಾಡಿತ್ತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಮತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗಳ ಸಂಗ್ರಹದಲ್ಲಿ ಆ ದಶಕದ ಉಡುಪುಗಳಿವೆ. ಅವುಗಳ ಚಿತ್ರಗಳನ್ನು ನೋಡುವಾಗ ಹಿಂಬದಿಯ ಮತ್ತು ಪಕ್ಕದ ನೋಟಗಳನ್ನು ಹೆಚ್ಚು ಹೊತ್ತು ಗಮನಿಸಬೇಕು, ಏಕೆಂದರೆ ಆ ಕಾಲದ ಗುರುತು ಇರುವುದು ಅಲ್ಲಿಯೇ.

ಒಳಗಿನಿಂದ ಆರಂಭಿಸುವುದು

ಹೊರಗೆ ಕಾಣುವ ಉಣ್ಣೆಬಟ್ಟೆ ಈ ಉಡುಪಿಗೆ ಆಕಾರ ಕೊಡುವುದಿಲ್ಲ. ಆಕಾರ ಕೊಡುವುದು ಕಾರ್ಸೆಟ್ (ಸೊಂಟವನ್ನು ಬಿಗಿಯುವ ಗಟ್ಟಿ ಒಳಉಡುಪು), ಬಸಲ್, ಒಳಲಂಗ ಮತ್ತು ಕುಪ್ಪಸದ ಅಸ್ತರು. ಹೊರಬಟ್ಟೆ ಇವುಗಳ ಮೇಲೆ ಹಾಸಿಕೊಂಡಿರುತ್ತದೆ, ಅಷ್ಟೇ. ಈ ಮಾತನ್ನು ಒಪ್ಪಿಕೊಂಡು ಕೆಲಸದ ಅರ್ಧ ಸಮಯವನ್ನು ಕಾಣದ ಭಾಗಗಳಿಗೆ ಕೊಡಲು ಸಿದ್ಧರಿರುವವರ ಕೈಯಲ್ಲಿ ಸಾಮಾನ್ಯ ಬಟ್ಟೆಯೂ ಚೆನ್ನಾಗಿ ನಿಲ್ಲುತ್ತದೆ. ಒಳಗಿನದನ್ನು ಬಿಟ್ಟು ನೇರವಾಗಿ ಹೊರಬಟ್ಟೆಗೆ ಕೈಹಾಕಿದರೆ ಎಷ್ಟೇ ಬೆಲೆಬಾಳುವ ಬಟ್ಟೆಯಾದರೂ ಜೋಲುಬೀಳುತ್ತದೆ.

ಮೈಗೆ ತಾಗುವ ಮೊದಲ ಪದರ ತೆಳುವಾದ ಹತ್ತಿ ಅಥವಾ ಲಿನನ್‌ನ ಸಡಿಲ ಒಳಅಂಗಿ ಮತ್ತು ಚಡ್ಡಿ. ಇದರ ಮೇಲೆ ಕಾರ್ಸೆಟ್. ಆ ಕಾಲದ ಕಾರ್ಸೆಟ್ಟಿಗೆ ಮುಂದೆ ಉಕ್ಕಿನ ಎರಡು ಪಟ್ಟಿಗಳ ಕೊಂಡಿ ಇದ್ದು, ಹಿಂದೆ ದಾರದ ಬಿಗಿತ ಇರುತ್ತಿತ್ತು. ಕಾರ್ಸೆಟ್ ಹೊಲಿಯುವುದು ಬೇರೆಯದೇ ಲೇಖನಕ್ಕೆ ತಕ್ಕ ವಿಷಯ. ಸಿದ್ಧಪಡಿಸಿದ್ದನ್ನು ಕೊಂಡರೂ ಸರಿ, ಅದು ನಿಮ್ಮ ಮೈಯಳತೆಗೆ ಒಪ್ಪುವಂತಿರಬೇಕು. ಸೊಂಟವನ್ನು 4–5 ಸೆಂಟಿಮೀಟರ್ ಇಳಿಸಿದರೆ ಸಾಕು, ಅದಕ್ಕಿಂತ ಹೆಚ್ಚು ಬಿಗಿಯುವ ಅಗತ್ಯ ಇಲ್ಲ. ಸೊಂಟ ಸಣ್ಣದಾಗಿ ಕಾಣುವುದು ಬಹುಪಾಲು ಹಿಂದಿನ ಬಸಲ್ ಮತ್ತು ಮೇಲಿನ ಕುಪ್ಪಸದ ಗೆರೆಗಳಿಂದಲೇ ಹೊರತು ಮೈಯನ್ನು ಹಿಂಡುವುದರಿಂದ ಅಲ್ಲ. ಹೊಸ ಕಾರ್ಸೆಟ್ಟನ್ನು ಕೆಲವು ದಿನ ಸ್ವಲ್ಪ ಸ್ವಲ್ಪ ಹೊತ್ತು ತೊಟ್ಟು ಮೈಗೆ ಒಗ್ಗಿಸಿಕೊಂಡ ಮೇಲೆಯೇ ಅಳತೆ ತೆಗೆಯಬೇಕು.

ಬಸಲ್ ಅನ್ನು ಮನೆಯಲ್ಲಿಯೇ ಹೊಲಿಯಬಹುದು. ಗಟ್ಟಿ ಹತ್ತಿಬಟ್ಟೆಯಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದದ, ಮೇಲೆ ಕಿರಿದಾಗಿ ಕೆಳಗೆ ಅಗಲವಾದ ತುಂಡೊಂದನ್ನು ಕತ್ತರಿಸಿ, ಅದರ ಮೇಲೆ ಅಡ್ಡಲಾಗಿ ನಾಲ್ಕು ಕೊಳವೆಗಳನ್ನು ಹೊಲಿದು, ಒಂದೊಂದರಲ್ಲಿ ಒಂದೊಂದು ಉಕ್ಕಿನ ಪಟ್ಟಿಯನ್ನು ತೂರಿಸಬೇಕು. ಮೇಲಿನ ಪಟ್ಟಿ ಸುಮಾರು 45 ಸೆಂಟಿಮೀಟರ್, ಕೊನೆಯದು 65 ಸೆಂಟಿಮೀಟರ್ ಇರಲಿ. ಪಟ್ಟಿಯ ಎರಡು ತುದಿಗಳ ಬಳಿ ಒಳಗಡೆ ಲಾಡಿಗಳನ್ನು ಹೊಲಿದು, ಆ ಲಾಡಿಗಳನ್ನು ಒಂದಕ್ಕೊಂದು ಎಳೆದು ಕಟ್ಟಿದಾಗ ನೇರವಾಗಿದ್ದ ಪಟ್ಟಿ ಬಿಲ್ಲಿನಂತೆ ಬಾಗಿ ಹೊರಗೆ ಉಬ್ಬುತ್ತದೆ. ಲಾಡಿಯನ್ನು ಹೆಚ್ಚು ಎಳೆದಷ್ಟೂ ಉಬ್ಬು ಹೆಚ್ಚುತ್ತದೆ. 1885ರ ಆಕಾರಕ್ಕೆ ಮೇಲಿನ ಎರಡು ಪಟ್ಟಿಗಳ ಉಬ್ಬು ಚೆನ್ನಾಗಿ ಕಾಣಬೇಕು. ಸೊಂಟದಿಂದ ಇಳಿಜಾರಾಗಿ ಸರಿಯುವ ಉಬ್ಬು 1870ರ ದಶಕದ್ದೆನಿಸುತ್ತದೆ. ಪಟ್ಟಿಗಳ ತುದಿಗಳನ್ನು ಉಜ್ಜಿ ನುಣುಪುಗೊಳಿಸಿ ದಪ್ಪ ಬಟ್ಟೆಯಿಂದ ಮುಚ್ಚದಿದ್ದರೆ ಅವು ಒಂದಲ್ಲ ಒಂದು ದಿನ ಕೊಳವೆಯನ್ನು ಹರಿದುಕೊಂಡು ಹೊರಬರುತ್ತವೆ. ಇದನ್ನು ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತು ನೋಡಿ. ಪಟ್ಟಿಗಳು ಒಂದರ ಮೇಲೊಂದು ಮಡಚಿಕೊಂಡು ಮೇಲೆ ಸರಿಯಬೇಕು, ಎದ್ದಾಗ ತಾವಾಗಿ ಕೆಳಗಿಳಿಯಬೇಕು.

ಬಸಲ್ ಮೇಲೆ ಒಂದು ಒಳಲಂಗ ಬೇಕೇಬೇಕು. ಅದರ ಹಿಂಬದಿಯಲ್ಲಿ ಗಂಜಿ ಹಾಕಿದ ಎರಡು ಮೂರು ಸಾಲು ಫ್ರಿಲ್ ಇದ್ದರೆ ಉಕ್ಕಿನ ಪಟ್ಟಿಗಳ ಗೆರೆಗಳು ಹೊರಗೆ ಎದ್ದು ಕಾಣುವುದಿಲ್ಲ. ಒಳಉಡುಪುಗಳನ್ನು ಲೆಕ್ಕವಿಲ್ಲದೆ ಪೇರಿಸುವುದನ್ನು ಆ ಕಾಲದವರೇ ಪ್ರಶ್ನಿಸಿದ್ದರು. 1881ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರ‍್ಯಾಷನಲ್ ಡ್ರೆಸ್ ಸೊಸೈಟಿ, ಬೂಟುಗಳನ್ನು ಬಿಟ್ಟು ಹೆಂಗಸಿನ ಒಳಉಡುಪುಗಳ ಒಟ್ಟು ತೂಕ 7 ಪೌಂಡ್ ಅಂದರೆ ಸುಮಾರು 3.2 ಕಿಲೋಗ್ರಾಂ ಮೀರಬಾರದೆಂದು ಹೇಳಿತ್ತು. ನಡೆಯುವುದಕ್ಕೆಂದೇ ಹೊಲಿಯುವ ಉಡುಪಿನಲ್ಲಿ ತೂಕದ ಲೆಕ್ಕ ಇಂದಿಗೂ ಮುಖ್ಯ. ನನ್ನ ಮಟ್ಟಿಗೆ ಒಂದೇ ಒಳಲಂಗ ಸಾಕು, ಅದನ್ನು ಚೆನ್ನಾಗಿ ಹೊಲಿದಿರಬೇಕು.

ಬಟ್ಟೆಯ ಆಯ್ಕೆ

ಹೊರಬಟ್ಟೆಗೆ ನಡುದಪ್ಪದ ಉಣ್ಣೆ ಅತ್ಯುತ್ತಮ. ಸರ್ಜ್, ಕ್ಯಾಶ್ಮೀರ್, ತೆಳು ಬ್ರಾಡ್‌ಕ್ಲಾತ್ ಇವೆಲ್ಲ ಆ ಕಾಲದಲ್ಲಿ ಬಳಕೆಯಲ್ಲಿದ್ದವು. ಉಣ್ಣೆಗೆ ಬೇರಾವ ಬಟ್ಟೆಗೂ ಇಲ್ಲದ ಒಂದು ಗುಣವಿದೆ. ಹಬೆ ಮತ್ತು ಇಸ್ತ್ರಿಯ ಒತ್ತಡಕ್ಕೆ ಅದು ಹೇಳಿದಂತೆ ಕೇಳಿ, ಬೇಕಾದಲ್ಲಿ ಕುಗ್ಗಿ, ಬೇಕಾದಲ್ಲಿ ಹಿಗ್ಗಿ ಮೈಯ ತಿರುವುಗಳಿಗೆ ಕೂರುತ್ತದೆ. ಬೇಸಿಗೆಯ ಉಡುಪಾದರೆ ಗಟ್ಟಿ ನೇಯ್ಗೆಯ ಹತ್ತಿಯೂ ಒಪ್ಪುತ್ತದೆ. ಪಾಲಿಯೆಸ್ಟರ್ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಹೊಲಿಗೆ ಒತ್ತಿ ಕೂರುವುದಿಲ್ಲ, ಇಷ್ಟೊಂದು ಪದರಗಳ ಒಳಗೆ ಸೆಕೆಯೂ ತಡೆಯಲಾಗದು.

ಬಣ್ಣದ ವಿಷಯದಲ್ಲಿ ಅಂಜಬೇಕಾಗಿಲ್ಲ. ವಿಲಿಯಂ ಪರ್ಕಿನ್ 1856ರಲ್ಲಿ ಕಲ್ಲಿದ್ದಲ ಟಾರಿನ ಉತ್ಪನ್ನದಿಂದ ನೇರಳೆ ಬಣ್ಣ ತಯಾರಿಸಿದ ಮೇಲೆ ಕೃತಕ ಬಣ್ಣಗಳು ಒಂದರ ಹಿಂದೊಂದು ಬಂದಿದ್ದರಿಂದ 1885ರ ಹೊತ್ತಿಗೆ ಗಾಢ ಕೆಂಪು, ನೀಲಿ, ಹಸಿರು, ನೇರಳೆಗಳೆಲ್ಲ ಬಳಕೆಯಲ್ಲಿದ್ದವು. ಕಪ್ಪುಬಿಳಿ ಛಾಯಾಚಿತ್ರಗಳನ್ನು ನೋಡಿ ಆ ಕಾಲದವರು ಮಂಕು ಬಣ್ಣಗಳನ್ನೇ ಉಡುತ್ತಿದ್ದರೆಂದು ತಿಳಿಯಬಾರದು.

150 ಸೆಂಟಿಮೀಟರ್ ಅಗಲದ ಉಣ್ಣೆಯಾದರೆ ಮಧ್ಯಮ ಮೈಕಟ್ಟಿನವರಿಗೆ 7 ಮೀಟರ್ ಬೇಕಾಗುತ್ತದೆ. ಅಸ್ತರಿಗೂ ಆಧಾರದ ಲಂಗಕ್ಕೂ ಸೇರಿ 5 ಮೀಟರ್ ಗಟ್ಟಿ ನೇಯ್ಗೆಯ ಹತ್ತಿಬಟ್ಟೆ ಸಾಕು. ಎರಡನ್ನೂ ಕತ್ತರಿಸುವ ಮೊದಲೇ ಕುಗ್ಗಿಸಿಕೊಳ್ಳಬೇಕು. ಹತ್ತಿಯನ್ನು ತೊಳೆದು, ಉಣ್ಣೆಯನ್ನು ಒದ್ದೆಬಟ್ಟೆಯ ಮೇಲಿಂದ ಇಸ್ತ್ರಿ ಹಾಯಿಸಿ ಕುಗ್ಗಿಸಬಹುದು.

ಅಳತೆ ಮತ್ತು ಮಾದರಿ ಕುಪ್ಪಸ

ಎಲ್ಲ ಅಳತೆಗಳನ್ನೂ ಒಳಉಡುಪು, ಕಾರ್ಸೆಟ್, ಬಸಲ್, ಒಳಲಂಗ ಮತ್ತು ಹೊರಗೆ ತೊಡುವ ಬೂಟು ಇವೆಲ್ಲವನ್ನೂ ತೊಟ್ಟುಕೊಂಡೇ ತೆಗೆಯಬೇಕು. ಎದೆ, ಸೊಂಟ, ಬೆನ್ನಿನ ಅಗಲ, ಕುತ್ತಿಗೆ, ಭುಜ ಮತ್ತು ಮಣಿಕಟ್ಟಿನ ಅಳತೆಗಳ ಜೊತೆಗೆ ಕುತ್ತಿಗೆಯಿಂದ ಸೊಂಟದವರೆಗಿನ ಉದ್ದವನ್ನು ಮುಂದೆಯೂ ಹಿಂದೆಯೂ ಬೇರೆಬೇರೆಯಾಗಿ ತೆಗೆಯಬೇಕು. ತೋಳಿನ ಉದ್ದವನ್ನು ಮೊಣಕೈ ಮಡಚಿಕೊಂಡು ಅಳೆಯಬೇಕು. ಸೊಂಟದಿಂದ ನೆಲದವರೆಗಿನ ಉದ್ದ ಮೂರು ಕಡೆ ಬೇಕು: ಮುಂದೆ, ಪಕ್ಕದಲ್ಲಿ, ಮತ್ತು ಹಿಂದೆ ಬಸಲ್ ಮೇಲಿಂದ ಹಾಯಿಸಿ. ಹಿಂದಿನ ಉದ್ದ ಮುಂದಿನದಕ್ಕಿಂತ 10–15 ಸೆಂಟಿಮೀಟರ್ ಹೆಚ್ಚು ಬರುವುದು ಸಹಜ.

ಆ ಕಾಲದಲ್ಲಿ ಕಾಗದದ ಪ್ಯಾಟರ್ನ್‌ಗಳು, ಅಂದರೆ ಬಟ್ಟೆ ಕತ್ತರಿಸುವ ಮಾದರಿಗಳು, ಮಾರಾಟಕ್ಕೆ ಬಂದಿದ್ದವು. ಅಮೆರಿಕದ ಬಟರಿಕ್ ಸಂಸ್ಥೆ 1863ರಿಂದಲೇ ಅಳತೆವಾರು ಪ್ಯಾಟರ್ನ್ ಮಾರುತ್ತಿತ್ತು. ಇಂದೂ ಚಾರಿತ್ರಿಕ ಉಡುಪಿನ ಪ್ಯಾಟರ್ನ್‌ಗಳು ದೊರೆಯುತ್ತವೆ. ಪ್ಯಾಟರ್ನ್ ಕೊಂಡರೂ ಸ್ವಂತವಾಗಿ ಬರೆದುಕೊಂಡರೂ ಕುಪ್ಪಸದ ಒಂದು ಮಗ್ಗುಲಿನಲ್ಲಿ ನಾಲ್ಕು ತುಂಡುಗಳಿರಬೇಕು: ಎರಡು ಡಾರ್ಟ್ (ಮೈಗೆ ಕೂರಲೆಂದು ಬಟ್ಟೆಯನ್ನು ಚೂಪಾಗಿ ಮಡಚಿ ಹಾಕುವ ಹೊಲಿಗೆ) ಇರುವ ಮುಂಭಾಗ, ಕಂಕುಳ ಕೆಳಗಿನ ಕಿರಿದಾದ ತುಂಡು, ಬೆನ್ನಿನ ಪಕ್ಕದ ತುಂಡು ಮತ್ತು ಬೆನ್ನಿನ ನಡುವಿನ ತುಂಡು. ಬೆನ್ನಿನ ಹೊಲಿಗೆಗಳು ಆರ್ಮ್‌ಹೋಲಿನಿಂದ, ಅಂದರೆ ತೋಳು ಕೂಡಿಸುವ ಕಿಂಡಿಯಿಂದ, ಹೊರಟು ಬಾಗುತ್ತ ಸೊಂಟದಲ್ಲಿ ಒಂದಕ್ಕೊಂದು ಹತ್ತಿರವಾಗುತ್ತವೆ. ಭುಜದ ಹೊಲಿಗೆ ಭುಜದ ನೆತ್ತಿಯ ಮೇಲಿರದೆ ಹಿಂದಕ್ಕೆ ವಾಲಿಕೊಂಡಿರುತ್ತದೆ. ಕುಪ್ಪಸವನ್ನು ನೋಡಿ ಕಾಲ ಗುರುತಿಸುವವರು ಮೊದಲು ಹುಡುಕುವ ಲಕ್ಷಣಗಳು ಇವು.

ಅಗ್ಗದ ಕೋರಾ ಬಟ್ಟೆಯಲ್ಲಿ ಮಾದರಿ ಕುಪ್ಪಸವನ್ನು ಹೊಲಿದು ಕಾರ್ಸೆಟ್ ಮೇಲೆ ತೊಟ್ಟು ನೋಡುವುದನ್ನು ಯಾವ ಕಾರಣಕ್ಕೂ ಬಿಡಬಾರದು. ಇಂದಿನ ಉಡುಪಿನಲ್ಲಿ ಎದೆಯ ಸುತ್ತ ಬಿಡುವ ಸಡಿಲ ಇಲ್ಲಿ ಇರುವುದಿಲ್ಲ. ಕುಪ್ಪಸ ಕಾರ್ಸೆಟ್ಟಿಗೆ ಸುಕ್ಕಿಲ್ಲದೆ ಅಂಟಿಕೊಂಡಿರಬೇಕು. ಸೊಂಟದ ಬಳಿ ಅಡ್ಡ ಸುಕ್ಕು ಬಂದರೆ ಉದ್ದ ಹೆಚ್ಚಾಗಿದೆ ಅಥವಾ ಸೊಂಟದ ಕೆಳಗೆ ಅಗಲ ಸಾಲದೆ ಬಟ್ಟೆ ಮೇಲೇರಿದೆ ಎಂದರ್ಥ. ಈ ಎರಡನ್ನು ಗೊಂದಲ ಮಾಡಿಕೊಳ್ಳದಿರಲು ಮೊದಲು ಸೊಂಟದ ಕೆಳಗಿನ ಹೊಲಿಗೆಗಳನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಸುಕ್ಕು ಆಗ ಮಾಯವಾದರೆ ಅಗಲವೇ ಕಾರಣ.

ಆರ್ಮ್‌ಹೋಲ್ ಬಗ್ಗೆ ವಿಶೇಷವಾಗಿ ಹೇಳಬೇಕು. ಅದು ಚಿಕ್ಕದಾಗಿ, ಕಂಕುಳಿಗೆ ತೀರ ಹತ್ತಿರವಾಗಿ ಇರಬೇಕು. ಬಿಗಿಯೆನಿಸಿದ ಕೂಡಲೇ ಕೆಳಗೆ ಕೊರೆದು ದೊಡ್ಡದು ಮಾಡುವುದು ಹೊಲಿಗೆ ಬಲ್ಲವರ ಕೈಗೂ ಸಹಜವಾಗಿ ಬರುವ ಕೆಲಸ. ಆದರೆ ಆರ್ಮ್‌ಹೋಲ್ ಕೆಳಗಿಳಿದಷ್ಟೂ ತೋಳು ಎತ್ತಿದಾಗ ಇಡೀ ಕುಪ್ಪಸ ಅದರ ಜೊತೆ ಮೇಲೇಳುತ್ತದೆ. ಎತ್ತರದ ಆರ್ಮ್‌ಹೋಲಿನಲ್ಲಿ ತೋಳು ತನ್ನಷ್ಟಕ್ಕೆ ತಿರುಗುತ್ತದೆ. ಆದ್ದರಿಂದ ಮಾದರಿ ಕುಪ್ಪಸಕ್ಕೆ ಒಂದು ತೋಳನ್ನಾದರೂ ಕೂಡಿಸಿ, ಟೋಪಿಯನ್ನು ಸರಿಪಡಿಸಿಕೊಳ್ಳುವ ಹಾಗೆ ಕೈಯೆತ್ತಿ ನೋಡಬೇಕು. ಬಿಗಿ ಮುಂದಿನ ಅಂಚಿನಲ್ಲಿದ್ದರೆ ಅಲ್ಲಿ ಮಾತ್ರ ಒಂದೆರಡು ಮಿಲಿಮೀಟರ್ ಕತ್ತರಿಸಿ ಮತ್ತೆ ನೋಡಬೇಕು.

ಲಂಗ

ಲಂಗ ಎರಡು ಭಾಗದ್ದು. ಒಳಗೆ ಹತ್ತಿಯ ಆಧಾರದ ಲಂಗ, ಅದರ ಮೇಲೆ ಉಣ್ಣೆಯ ಹೊರಲಂಗ. ಕೆಲವರು ಎರಡನ್ನೂ ಬೇರೆಬೇರೆ ಸೊಂಟಪಟ್ಟಿಗೆ ಹೊಲಿಯುತ್ತಾರೆ. ಒಂದೇ ಪಟ್ಟಿಗೆ ಹೊಲಿದರೆ ಸೊಂಟದಲ್ಲಿ ದಪ್ಪ ಕಡಿಮೆ, ಮಡಿಕೆಗಳೂ ಜಾಗ ಬಿಟ್ಟು ಸರಿಯುವುದಿಲ್ಲ.

ಆಧಾರದ ಲಂಗಕ್ಕೆ ಕೆಳಸುತ್ತು 2.3 ಮೀಟರ್ ಇದ್ದರೆ ಹೆಜ್ಜೆಗೆ ತೊಡಕಾಗುವುದಿಲ್ಲ, ಆಕಾರವೂ ಕೆಡುವುದಿಲ್ಲ. ಮುಂದಿನ ಪ್ಯಾನೆಲ್ ಕೆಳಗೆ 60 ಸೆಂಟಿಮೀಟರ್, ಪಕ್ಕದ ಎರಡು ಪ್ಯಾನೆಲ್‌ಗಳು 40 ಸೆಂಟಿಮೀಟರ್‌ನಂತೆ, ಹಿಂದಿನದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲದ 90 ಸೆಂಟಿಮೀಟರ್ ತುಂಡು. ಕಾರ್ಸೆಟ್ ಮೇಲಿನ ಸೊಂಟ 68 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಡಾರ್ಟ್ ಹಿಡಿದ ಮೇಲೆ ಮುಂದಿನ ಪ್ಯಾನೆಲ್ 22, ಪಕ್ಕದವು 13ರಂತೆ 26, ಉಳಿದ 20 ಸೆಂಟಿಮೀಟರಿಗೆ ಹಿಂದಿನ ತುಂಡನ್ನು ನೆರಿಗೆ ಹಿಡಿದು ಕೂಡಿಸಬೇಕು. ಇವು ಹೊಲಿಗೆಯ ಅಂಚನ್ನು ಬಿಟ್ಟ ಅಳತೆಗಳು. ಬಸಲ್‌ಗಾಗಿ ಬೇಕಾದ ಹೆಚ್ಚಿನ ಉದ್ದವನ್ನು ಕೆಳಗೆ ಸೇರಿಸದೆ ಹಿಂದಿನ ತುಂಡಿನ ಮೇಲಂಚಿನಲ್ಲಿ, ಪಕ್ಕದ ಹೊಲಿಗೆಯ ಬಳಿ ಸಮನಾಗಿದ್ದು ನಡುವಿಗೆ ಬರುವಾಗ ಏರುವಂತೆ ಕೊಡಬೇಕು. ಹಾಗೆ ಮಾಡಿದರೆ ಕೆಳಗಿನ ಅಂಚು ನೆಲಕ್ಕೆ ಸಮನಾಗಿಯೇ ಉಳಿಯುತ್ತದೆ. ಎಡಗಡೆಯ ಪಕ್ಕದ ಮತ್ತು ಹಿಂದಿನ ಪ್ಯಾನೆಲ್ ಕೂಡುವ ಹೊಲಿಗೆಯಲ್ಲಿ 25 ಸೆಂಟಿಮೀಟರ್ ಸೀಳು ಬಿಟ್ಟು ಹುಕ್ಕು ಹಾಕಬೇಕು. ಬಲಗಡೆಯ ಅದೇ ಹೊಲಿಗೆಯಲ್ಲಿ ಜೇಬು ಕೂಡಿಸಿದರೆ ಹೊರಲಂಗದ ಮಡಿಕೆಗಳ ನಡುವೆ ಅದು ಕಾಣುವುದೇ ಇಲ್ಲ.

ಕೆಳಗಿನ 45 ಸೆಂಟಿಮೀಟರ್ ಭಾಗವನ್ನು ಉಣ್ಣೆಬಟ್ಟೆಯಿಂದ ಮುಚ್ಚಿ, ಒಳಗಡೆ 20 ಸೆಂಟಿಮೀಟರ್ ಎತ್ತರದ ಗಟ್ಟಿ ಹತ್ತಿಯ ಪಟ್ಟಿಯನ್ನು ಸುತ್ತಲೂ ಹಿಡಿದು ಹೊಲಿಯಬೇಕು. ಕಾಲಿಗೆ ಬಟ್ಟೆ ಸುತ್ತಿಕೊಳ್ಳದಂತೆ ತಡೆಯುವುದು ಈ ಪಟ್ಟಿ. ಅಂಚು ನೆಲದಿಂದ 5 ಸೆಂಟಿಮೀಟರ್ ಮೇಲಿರಲಿ. ಅಂಚಿನ ಒಳಮಗ್ಗುಲಿಗೆ ಉಣ್ಣೆಯ ಗಟ್ಟಿ ಬ್ರೇಡನ್ನು, ಒಂದೆರಡು ಮಿಲಿಮೀಟರ್ ಹೊರಗೆ ಇಣುಕುವಂತೆ, ಕೈಯಿಂದ ಹೊಲಿಯಬೇಕು. ರಸ್ತೆಯ ಧೂಳನ್ನೂ ಸವೆತವನ್ನೂ ತಾನು ತಾಳಿಕೊಂಡು ಉಡುಪನ್ನು ಉಳಿಸುವ ಈ ಬ್ರೇಡು ಸವೆದಾಗ ಅದೊಂದನ್ನೇ ಬಿಚ್ಚಿ ಬದಲಿಸಬಹುದು.

ಅಂಚಿನ ಮೇಲೆ ಪ್ಲೀಟ್ ಪಟ್ಟಿ ಬರುತ್ತದೆ. ಒಂದೇ ದಿಕ್ಕಿಗೆ ಮಡಚುವ ಪ್ಲೀಟಿಗೆ ಮೂರು ಪಟ್ಟು ಉದ್ದ ಬೇಕು. 2.3 ಮೀಟರ್ ಸುತ್ತಿಗೆ ಸುಮಾರು 7 ಮೀಟರ್ ಪಟ್ಟಿಯಾಯಿತು. 150 ಸೆಂಟಿಮೀಟರ್ ಅಗಲದ ಬಟ್ಟೆಯಿಂದ 20 ಸೆಂಟಿಮೀಟರಿನ ಐದು ಪಟ್ಟಿಗಳನ್ನು, ಅಂದರೆ ಒಂದು ಮೀಟರ್ ಬಟ್ಟೆಯನ್ನು ಕತ್ತರಿಸಿ ಕೂಡಿಸಿದರೆ ಅಷ್ಟು ಸಿಗುತ್ತದೆ. ಅಂಚು ಮಡಚಿ ಹೊಲಿದ ಮೇಲೆ ಎತ್ತರ 15 ಸೆಂಟಿಮೀಟರಿಗೆ ಬರುತ್ತದೆ. ಪ್ಲೀಟ್‌ಗಳನ್ನು ಕಚ್ಚಾ ಹೊಲಿಗೆಯಿಂದ ಹಿಡಿದು, ಒದ್ದೆಬಟ್ಟೆ ಹಾಸಿ ಇಸ್ತ್ರಿಯನ್ನು ಎಳೆದಾಡದೆ ಎತ್ತಿ ಎತ್ತಿ ಒತ್ತಿ, ಪೂರ್ತಿ ಆರುವವರೆಗೆ ಅಲುಗಿಸಬಾರದು. ಆಮೇಲೆ ಹಿಂಬದಿಯಲ್ಲಿ, ಪಟ್ಟಿಯ ಅರ್ಧ ಎತ್ತರದಲ್ಲಿ, ಒಂದು ಕಿರಿದಾದ ಟೇಪನ್ನು ಪ್ರತಿ ಪ್ಲೀಟಿಗೂ ಒಂದೊಂದು ಸಣ್ಣ ಹೊಲಿಗೆಯಿಂದ ಕಚ್ಚಿಸಿದರೆ ನಡೆಯುವಾಗ ಪ್ಲೀಟ್‌ಗಳು ಕೆದರುವುದಿಲ್ಲ.

ಹೊರಲಂಗವನ್ನು ಅಳತೆಪಟ್ಟಿಯಿಂದ ಹೊಲಿಯಲಾಗದು, ಕಣ್ಣಿನಿಂದಲೇ ಹೊಲಿಯಬೇಕು. ಹೊಲಿಗೆಯ ಗೊಂಬೆಗೆ ಬಸಲ್, ಒಳಲಂಗ, ಆಧಾರದ ಲಂಗ ಇಷ್ಟನ್ನೂ ತೊಡಿಸಿ ನಿಲ್ಲಿಸಿಕೊಳ್ಳಿ. ಮುಂದಿನ ಏಪ್ರನ್ ತುಂಡು ಸುಮಾರು ಒಂದು ಮೀಟರ್ ಉದ್ದವಿರಲಿ. ಅದರ ಎರಡೂ ಪಕ್ಕದಂಚುಗಳನ್ನು ಮೇಲ್ಮುಖವಾದ ಮಡಿಕೆಗಳಲ್ಲಿ ಒಟ್ಟುಮಾಡಿ 60 ಸೆಂಟಿಮೀಟರಿಗೆ ಇಳಿಸಿದರೆ ಮುಂದೆ ಅಡ್ಡಲಾಗಿ ತೂಗುವ ಬಾಗುಮಡಿಕೆಗಳು ತಾವೇ ಮೂಡುತ್ತವೆ. ಒಂದು ಪಕ್ಕವನ್ನು ಇನ್ನೊಂದಕ್ಕಿಂತ ಮೇಲೆತ್ತಿ ಓರೆಯಾಗಿಸುವುದು ಈ ವರ್ಷಗಳಲ್ಲಿ ಬಹಳ ಮೆಚ್ಚುಗೆಯಾಗಿತ್ತು, ನನಗೂ ಅದೇ ಇಷ್ಟ. ಹಿಂದಿನ ತುಂಡು 130–150 ಸೆಂಟಿಮೀಟರ್ ಉದ್ದವಿದ್ದು, ಬಟ್ಟೆಯ ಪೂರ್ಣ ಅಗಲವನ್ನು ಸೊಂಟದಲ್ಲಿ 20 ಸೆಂಟಿಮೀಟರಿಗೆ ಪ್ಲೀಟ್ ಹಿಡಿಯಬೇಕು. ಅದನ್ನು ಒಂದೆರಡು ಕಡೆ ಮೇಲೆತ್ತಿ ಬಸಲ್ ಮೇಲೆ ಉಬ್ಬಾಗಿ ಕೂರಿಸಿ, ಗುಂಡುಸೂಜಿ ಚುಚ್ಚಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ, ಬೇಡವೆನಿಸಿದರೆ ಬಿಚ್ಚಿ ಮತ್ತೆ ಕೂರಿಸಬೇಕು. ಈ ಕೆಲಸಕ್ಕೆ ಅವಸರ ಮಾಡಬಾರದು. ರಾತ್ರಿ ಕೂರಿಸಿದ್ದನ್ನು ಹಗಲಿನ ಬೆಳಕಿನಲ್ಲಿ ನೋಡಿದ ಮೇಲೆಯೇ ಹೊಲಿಗೆ ಹಾಕುವುದು ಒಳ್ಳೆಯದು.

ಮಡಿಕೆಗಳನ್ನು ನಿಲ್ಲಿಸುವ ವಿಧಾನ ಮುಖ್ಯವಾದದ್ದು. ಎತ್ತಿದ ಬಟ್ಟೆಯನ್ನು ಕೆಳಗಿನ ಲಂಗಕ್ಕೆ ನೇರವಾಗಿ ಹೊಲಿದರೆ ಅದರ ಭಾರಕ್ಕೆ ಕೆಳಗಿನ ಬಟ್ಟೆ ಎಳೆದುಕೊಂಡು ಕೆಲವೇ ಗಂಟೆಗಳಲ್ಲಿ ಎಲ್ಲವೂ ಇಳಿಯುತ್ತದೆ. ಅದರ ಬದಲು ಸೊಂಟಪಟ್ಟಿಯಿಂದ ಒಳಗಡೆ ಎರಡು ಮೂರು ಹತ್ತಿಯ ಟೇಪುಗಳನ್ನು ಇಳಿಬಿಟ್ಟು, ಎತ್ತಿದ ಪ್ರತಿ ಬಿಂದುವನ್ನೂ ಆ ಟೇಪಿಗೇ ಹೊಲಿಯಬೇಕು. ಆಗ ಭಾರವೆಲ್ಲ ಸೊಂಟಪಟ್ಟಿಗೆ ಹೋಗುತ್ತದೆ. ಆಧಾರದ ಲಂಗದ ಒಳಗೆ ಪಕ್ಕದ ಹೊಲಿಗೆಗಳಿಗೆ ಎರಡು ಜೊತೆ ಲಾಡಿಗಳನ್ನು ಹೊಲಿದು ಕಾಲಿನ ಹಿಂದೆ ಕಟ್ಟಿಕೊಂಡರೆ ಲಂಗದ ಮುಂಭಾಗ ಮಟ್ಟವಾಗಿ ಕೂತು ತುಂಬುಭಾಗವೆಲ್ಲ ಹಿಂದೆ ಸರಿಯುತ್ತದೆ. ಲಾಡಿಗಳನ್ನು ಹೆಜ್ಜೆಗೆ ತಡೆಯಾಗದಷ್ಟು ಸಡಿಲವಾಗಿಯೇ ಕಟ್ಟಬೇಕು.

ಕುಪ್ಪಸ

ಮಾದರಿ ಕುಪ್ಪಸ ಸರಿಹೋದ ಮೇಲೆ ಅದನ್ನು ಬಿಚ್ಚಿ ಅದರಿಂದಲೇ ಅಸ್ತರನ್ನು ಕತ್ತರಿಸಬೇಕು. ಪ್ರತಿ ತುಂಡಿನಲ್ಲೂ ಹೊಕ್ಕಿನ ಎಳೆ ಸೊಂಟದ ಗೆರೆಗೆ ಸಮನಾಗಿ ಹಾಯುವಂತೆ ಪ್ಯಾಟರ್ನ್ ಇಟ್ಟರೆ ಸೊಂಟದ ಬಳಿ ಬಟ್ಟೆ ತಿರುಚಿಕೊಳ್ಳುವುದಿಲ್ಲ. ಅಸ್ತರಿನ ತುಂಡನ್ನು ಉಣ್ಣೆಯ ಮೇಲೆ ಹಾಸಿ, ಎರಡನ್ನೂ ಮೇಜಿನ ಮೇಲೆ ಮಟ್ಟವಾಗಿಟ್ಟುಕೊಂಡು ಸುತ್ತಲೂ ಕಚ್ಚಾ ಹೊಲಿಗೆ ಹಾಕಬೇಕು. ಇಲ್ಲಿಂದ ಮುಂದೆ ಆ ಎರಡು ಪದರಗಳನ್ನು ಒಂದೇ ಬಟ್ಟೆಯೆಂದು ತಿಳಿದು ಹೊಲಿಯಬೇಕು. ಅಸ್ತರನ್ನು ಬೇರೆಯಾಗಿ ಹೊಲಿದು ಕೊನೆಗೆ ಒಳಗೆ ಕೂಡಿಸುವ ಇಂದಿನ ಕ್ರಮದಲ್ಲಿ ಈ ಉಡುಪಿಗೆ ಬೇಕಾದ ಬಿಗಿ ಬರುವುದಿಲ್ಲ.

ಉದ್ದದ ಹೊಲಿಗೆಗಳಿಗೆ ಯಂತ್ರ ಬಳಸುವುದು ಕಾಲಕ್ಕೆ ವಿರುದ್ಧವೇನಲ್ಲ. ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆಯಂತ್ರದ ಪೇಟೆಂಟ್ ಪಡೆದಿದ್ದರು, 1885ರ ಉಡುಪುಗಳ ಒಳಹೊಲಿಗೆ ಬಹುಪಾಲು ಯಂತ್ರದ್ದೇ. ಒಂದೊಂದು ಹೊಲಿಗೆ 2 ಮಿಲಿಮೀಟರ್ ಉದ್ದ ಇರಲಿ. ಹೊರಗೆ ಕಾಣುವ ಹೊಲಿಗೆಗಳನ್ನು ಮಾತ್ರ ಕೈಯಿಂದ ಹಾಕಬೇಕು.

ಮೊದಲು ಡಾರ್ಟ್‌ಗಳು, ಆಮೇಲೆ ಬೆನ್ನಿನ ನಡುಹೊಲಿಗೆ, ಪಕ್ಕದ ತುಂಡುಗಳು, ಕೊನೆಗೆ ಭುಜ. ಪ್ರತಿ ಹೊಲಿಗೆ ಮುಗಿದ ಕೂಡಲೇ ಅದರ ಅಂಚುಗಳನ್ನು ಸೊಂಟದಲ್ಲಿ ಮತ್ತು ಅದರ ಮೇಲೆ ಕೆಳಗೆ ಕತ್ತರಿಯಿಂದ ಕೊಯ್ದು, ಬಿಡಿಸಿ, ಗುಂಡಗಿನ ಗಟ್ಟಿ ದಿಂಬಿನ ಮೇಲಿಟ್ಟು ಇಸ್ತ್ರಿ ಮಾಡಬೇಕು. ಅಂಚುಗಳ ಎಳೆ ಬಿಡದಂತೆ ಕೈಯಿಂದ ಸುತ್ತುಹೊಲಿಗೆ ಹಾಕಬೇಕು. ಓವರ್‌ಲಾಕ್ ಹಾಕಿದರೆ ಅಂಚು ಗಡುಸಾಗಿ ಹೊರಗೆ ಅಚ್ಚೊತ್ತುತ್ತದೆ.

ಬಿಡಿಸಿದ ಅಂಚುಗಳ ಮೇಲೆ ಬೋನ್ ಎಂಬ ಬಾಗುವ ಗಟ್ಟಿ ಪಟ್ಟಿಗಳನ್ನು ಕೂಡಿಸಬೇಕು. ಆ ಕಾಲದಲ್ಲಿ ತಿಮಿಂಗಿಲದ ಬಾಯಿಯ ಪಟ್ಟಿಯನ್ನು ಬಳಸುತ್ತಿದ್ದರು. ಇಂದು ಅದೇ ಗುಣದ ಪ್ಲಾಸ್ಟಿಕ್ ಪಟ್ಟಿಗಳು ಸಿಗುತ್ತವೆ, ಇಸ್ತ್ರಿಯ ಬಿಸಿಯಿಂದ ಬೇಕಾದಂತೆ ಬಾಗುತ್ತವೆ. ಡಾರ್ಟ್, ಕಂಕುಳು, ಬೆನ್ನು ಎಲ್ಲ ಸೇರಿ ಹನ್ನೊಂದು ಬೋನ್ ಬೇಕಾಗಬಹುದು. ಬೋನ್ ತೂರುವ ಟೇಪಿನ ಕೊಳವೆಯನ್ನು ಅಂಚಿಗೆ ಹೊಲಿಯುವಾಗ ಸೊಂಟದ ಬಳಿ ಅರ್ಧ ಸೆಂಟಿಮೀಟರಿನಷ್ಟು ಸಡಿಲ ಕೊಟ್ಟು ಹೊಲಿಯಬೇಕು. ಬೋನನ್ನು ಒತ್ತಿ ತೂರಿಸಿ ಎರಡು ತುದಿಗಳನ್ನು ಹಿಡಿದು ಹೊಲಿದಾಗ ಅದು ಒಳಕ್ಕೆ ಬಾಗಿ ಹೊರಬಟ್ಟೆಯನ್ನು ಉದ್ದಕ್ಕೂ ಎಳೆದು ಹಿಡಿಯುತ್ತದೆ. ಹಳೆಯ ಕುಪ್ಪಸಗಳ ಸೊಂಟದಲ್ಲಿ ಒಂದು ಸುಕ್ಕೂ ಇಲ್ಲದಿರುವುದಕ್ಕೆ ಮುಖ್ಯ ಕಾರಣ ಈ ಚಿಕ್ಕ ಉಪಾಯ, ಇದನ್ನು ಬಿಟ್ಟರೆ ಹನ್ನೊಂದಕ್ಕೆ ಇಪ್ಪತ್ತು ಬೋನ್ ಹಾಕಿದರೂ ಆ ನಯ ಬರುವುದಿಲ್ಲ.

ಇದಾದ ಮೇಲೆ ಒಳಗೆ ಸೊಂಟದ ಗೆರೆಯಲ್ಲಿ 2–3 ಸೆಂಟಿಮೀಟರ್ ಅಗಲದ ಗಟ್ಟಿ ಟೇಪನ್ನು ಬೆನ್ನಿನ ಹೊಲಿಗೆಗಳಿಗೆ ಮಾತ್ರ ಕಚ್ಚಿಸಿ, ಮುಂದೆ ಹುಕ್ಕು ಹಾಕಬೇಕು. ಟೇಪು ಕುಪ್ಪಸದ ಸೊಂಟಕ್ಕಿಂತ ಒಂದು ಸೆಂಟಿಮೀಟರ್ ಕಡಿಮೆಯಿರಲಿ. ತೊಡುವಾಗ ಮೊದಲು ಈ ಹುಕ್ಕನ್ನು ಹಾಕಿಕೊಂಡರೆ ಎಳೆತವನ್ನೆಲ್ಲ ಟೇಪು ಹೊರುತ್ತದೆ, ಗುಂಡಿಗಳು ಬಾಯಿಬಿಡುವುದಿಲ್ಲ. ಭುಜ ಮತ್ತು ಎದೆಯ ನಡುವಿನ ತಗ್ಗಿನಲ್ಲಿ ಸುಕ್ಕು ಉಳಿದಿದ್ದರೆ ತೆಳುವಾದ ಹತ್ತಿಯ ಪದರವನ್ನು ಅಸ್ತರಿನ ಒಳಗೆ ಕೂರಿಸಬಹುದು. ಇದು ಆ ಕಾಲದ ದರ್ಜಿಗಳೇ ಮಾಡುತ್ತಿದ್ದ ಕೆಲಸ. ಕಂಕುಳಲ್ಲಿ ಬಿಚ್ಚಿ ತೊಳೆಯಬಹುದಾದ ಹತ್ತಿಯ ಪ್ಯಾಡ್ ಇರಲಿ.

ಬೆನ್ನಿನ ನಡುತುಂಡುಗಳು ಸೊಂಟದಿಂದ ಕೆಳಗೆ 15–20 ಸೆಂಟಿಮೀಟರ್ ಇಳಿದು, ನಡುಹೊಲಿಗೆಯಲ್ಲಿ ಬಿಟ್ಟ ಹೆಚ್ಚಿನ ಅಗಲ ಬಾಕ್ಸ್ ಪ್ಲೀಟ್ ಆಗಿ ಮಡಚಿಕೊಂಡು ಬಸಲ್ ಮೇಲೆ ಹರಡಿಕೊಳ್ಳುತ್ತದೆ. ಮುಂದೆ ಕುಪ್ಪಸ ಚೂಪಾದ ಕೊನೆಯಲ್ಲಿ ಮುಗಿಯುತ್ತದೆ. ಈ ಏರಿಳಿತದ ಕೆಳಅಂಚನ್ನು ಕ್ರಾಸ್ ಪಟ್ಟಿಯಿಂದ (ಎಳೆಗೆ ಓರೆಯಾಗಿ ಕತ್ತರಿಸಿದ ಪಟ್ಟಿ) ಒಳಕ್ಕೆ ಮಡಚಿ ಹೊಲಿಯಬೇಕು.

ಮುಂದಿನ ಅಂಚು ನೇರಗೆರೆಯಲ್ಲ. ಎದೆಯ ಮೇಲೆ ಸ್ವಲ್ಪ ಹೊರಬಾಗಿ ಸೊಂಟದಲ್ಲಿ ಒಳಸರಿಯುವುದರಿಂದ ಒಳಪಟ್ಟಿಯನ್ನೂ ಅದೇ ಬಾಗಿನಲ್ಲಿ ಕತ್ತರಿಸಬೇಕು. ಗುಂಡಿಗಳ ನಡುವೆ 2–2.5 ಸೆಂಟಿಮೀಟರ್ ಅಂತರವಿದ್ದರೆ ಕುತ್ತಿಗೆಯಿಂದ ಕೊನೆಯವರೆಗೆ ಹದಿನೆಂಟರಿಂದ ಇಪ್ಪತ್ತು ಗುಂಡಿಗಳಾಗುತ್ತವೆ. ಹೆಂಗಸರ ಉಡುಪಿನಲ್ಲಿ ಬಲಮಗ್ಗುಲು ಮೇಲೆ ಬರುವುದರಿಂದ ಕಾಜಗಳು ಬಲಗಡೆ. ಕಾಜಗಳನ್ನು ರೇಷ್ಮೆದಾರದಲ್ಲಿ ಕೈಯಿಂದಲೇ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಈ ಉಡುಪನ್ನು ಹತ್ತಿರದಿಂದ ನೋಡುವ ಯಾರ ಕಣ್ಣಾದರೂ ಮೊದಲು ಬೀಳುವುದು ಆ ಸಾಲಿನ ಮೇಲೆ.

ತೋಳು ಎರಡು ತುಂಡಿನದು, ಕೋಟಿನ ತೋಳಿನಂತೆ ಮೊಣಕೈಯಲ್ಲಿ ಮುಂದಕ್ಕೆ ಬಾಗಿರುತ್ತದೆ. ಅದನ್ನೂ ಅಸ್ತರಿನ ಜೊತೆ ಒಂದೇ ಪದರವಾಗಿ ಹೊಲಿಯಬೇಕು. ಮೇಲಿನ ಸುತ್ತು ಆರ್ಮ್‌ಹೋಲಿಗಿಂತ 2–3 ಸೆಂಟಿಮೀಟರ್ ಮಾತ್ರ ಹೆಚ್ಚಿರಲಿ, ಆ ಹೆಚ್ಚನ್ನು ಹಬೆಯಿಂದ ಕುಗ್ಗಿಸಿ ಸುಕ್ಕಿಲ್ಲದೆ ಕೂರಿಸಬೇಕು. ಕೈಯನ್ನು ಸಹಜವಾಗಿ ಇಳಿಬಿಟ್ಟಾಗ ತೋಳಿನ ಮೇಲೆ ಸುರುಳಿ ಸುಕ್ಕು ಕಂಡರೆ ತೋಳನ್ನು ಆರ್ಮ್‌ಹೋಲಿನಲ್ಲಿ ಒಂದು ಸೆಂಟಿಮೀಟರ್ ಮುಂದಕ್ಕೋ ಹಿಂದಕ್ಕೋ ತಿರುಗಿಸಿ ನೋಡಬೇಕು. ಕಾಲರ್ 4 ಸೆಂಟಿಮೀಟರ್ ಎತ್ತರದ ನಿಲುವುಪಟ್ಟಿ, ಒಳಗೆ ಕ್ಯಾನ್ವಾಸ್ ಕೊಟ್ಟಿರಬೇಕು.

ತೊಟ್ಟು ನಡೆದು ನೋಡುವುದು

ಕೊನೆಯ ಅಂಚುಹೊಲಿಗೆ ಹಾಕುವ ಮೊದಲು ಎಲ್ಲವನ್ನೂ ತೊಟ್ಟು, ಬೂಟು ಹಾಕಿಕೊಂಡು ಅರ್ಧ ಗಂಟೆ ನಡೆದು ನೋಡಬೇಕು. ಕನ್ನಡಿಯ ಮುಂದೆ ನಿಂತಾಗ ತಿಳಿಯದ ಎಷ್ಟೋ ಕೊರತೆಗಳು ನಡೆಯುವಾಗ ಗೊತ್ತಾಗುತ್ತವೆ. ಮೆಟ್ಟಿಲು ಹತ್ತುವಾಗ ಅಂಚನ್ನು ತುಳಿಯುವಂತಿದ್ದರೆ ಮುಂಭಾಗವನ್ನು ಇನ್ನೊಂದು ಸೆಂಟಿಮೀಟರ್ ಏರಿಸಬೇಕು. ಬಸಲ್ ಒಂದು ಮಗ್ಗುಲಿಗೆ ವಾಲಿದರೆ ಅದರ ಸೊಂಟಪಟ್ಟಿ ಸಡಿಲವಾಗಿದೆ. ಲಂಗದ ಭಾರ ಸೊಂಟವನ್ನು ಒತ್ತುತ್ತಿದ್ದರೆ ಸೊಂಟಪಟ್ಟಿ ಕಾರ್ಸೆಟ್ಟಿನ ಮೇಲೆಯೇ ಕೂತಿದೆಯೇ, ಕೆಳಗೆ ಜಾರಿದೆಯೇ ಎಂದು ಪರೀಕ್ಷಿಸಬೇಕು. ಕಾರ್ಸೆಟ್ ಭಾರವನ್ನು ಸೊಂಟದ ಸುತ್ತ ಹಂಚುವುದರಿಂದ ಅದರ ಮೇಲಿರುವಾಗ ಇಷ್ಟು ಬಟ್ಟೆಯ ತೂಕ ಅಷ್ಟಾಗಿ ತಿಳಿಯುವುದಿಲ್ಲ. ಕುಳಿತುಕೊಳ್ಳುವಾಗ ಕುರ್ಚಿಯ ಅಂಚಿನಲ್ಲಿ ಸ್ವಲ್ಪ ಓರೆಯಾಗಿ ಕೂರುವುದನ್ನು ಅಭ್ಯಾಸ ಮಾಡಿಕೊಂಡರೆ ಹಿಂದಿನ ಮಡಿಕೆಗಳು ನಲುಗುವುದಿಲ್ಲ.

ಬಳಸಿದ ಮೇಲೆ ಕುಪ್ಪಸವನ್ನು ಗಾಳಿಗೆ ಹರಡಿ, ಕಂಕುಳ ಪ್ಯಾಡ್‌ಗಳನ್ನು ಬಿಚ್ಚಿ ತೊಳೆದು, ಲಂಗದ ಅಂಚನ್ನು ಒಣ ಬ್ರಷ್‌ನಿಂದ ಉಜ್ಜಿ ಧೂಳು ತೆಗೆಯಬೇಕು. ಹೊರಲಂಗವನ್ನು ಬಹುಕಾಲ ತೂಗುಹಾಕಿದರೆ ಅದರ ಭಾರಕ್ಕೆ ಟೇಪುಗಳು ಎಳೆದುಕೊಳ್ಳುವುದರಿಂದ, ಮಡಿಕೆಗಳ ನಡುವೆ ಮೆತ್ತನೆಯ ಕಾಗದವಿಟ್ಟು ಪೆಟ್ಟಿಗೆಯಲ್ಲಿ ಮಲಗಿಸಿ ಇಡುವುದು ಒಳ್ಳೆಯದು.